ಅಳುವಿನ ನಡುವೆ ಒಂದು ತಿದ್ದುಪಡಿ

ನನ್ನ ಗಂಡ ಸತ್ತ ದಿನ ನಾನು ಅತ್ತೆಯ ಅಳುವನ್ನು ತಿದ್ದಿದೆ. ಆಮೇಲೆ ಬಹಳ ದಿನ ಅವರು ಅಳಲಿಲ್ಲ, ನನ್ನೊಡನೆ ಮಾತೂ ಆಡಲಿಲ್ಲ. ಗಂಡನ ಊರಾದ ಉಡಿಗಾಲದಲ್ಲಿ ನನಗೆ ಹೆತ್ತವಳ ಬಾಯಿ ಕಟ್ಟಿದ ಸೊಸೆ ಎಂದು ಹೆಸರು. ಊರವರು ಇಟ್ಟ ಹೆಸರಿಗೆ ಹೆದರುವ ಪೈಕಿ ನಾನಲ್ಲ. ಆದರೆ ಮಗನನ್ನು ಮಣ್ಣಿಗಿಟ್ಟ ಮುದುಕಿಯೊಬ್ಬಳು ಅಳುವುದನ್ನೇ ನಿಲ್ಲಿಸಿದರೆ ಆ ಮನೆ ಹೇಗಿರುತ್ತದೆ ಎಂಬುದು ನನಗೆ ಗೊತ್ತು. ನನ್ನ ಮನೆಯೂ ಹಾಗೇ ಇತ್ತು. ನಾನೂ ಅತ್ತಿರಲಿಲ್ಲ.

ನಾನು ಪವಿತ್ರ. ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನನ್ನ ಗಂಡ ಗುರುಪಾದಸ್ವಾಮಿ ಅದೇ ಊರಿನ ಹೆದ್ದಾರಿಯ ಪಕ್ಕ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದರು. ಅಂಗಡಿಯಲ್ಲಿ ಕುಳಿತಿದ್ದಾಗಲೇ ಎದೆ ಹಿಡಿದುಕೊಂಡಿತು. ಮೈಸೂರಿಗೆಂದು ಕಾರಿನಲ್ಲಿ ಹೊರಟೆವು. ಬೇಗೂರು ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡ್ರೈವರ್ ಏನು ಮಾಡಲಿ ಅಂತ ಕೇಳಿದ. ಗಾಡಿ ತಿರುಗಿಸಿ, ಉಡಿಗಾಲಕ್ಕೆ ಹೋಗೋಣ ಎಂದೆ. ಬಸ್ಸಿನಲ್ಲಿ ಟಿಕೆಟ್ ಕೇಳುವ ದನಿಯಲ್ಲೇ ಹೇಳಿದೆ.

ನಮ್ಮವರಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಹಜಾರದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹಾರ. ಯಾವುದೋ ಸನ್ಮಾನಕ್ಕೆ ಒಲ್ಲದ ಮನಸ್ಸಿನಿಂದ ಬಂದು ಕುಳಿತವರಂತೆ ಕಾಣುತ್ತಿದ್ದರು. ಅತ್ತೆ ಮಲ್ಲಾಜಮ್ಮ ಎದುರಿಗೆ ಕುಳಿತು ಶುರು ಮಾಡಿದರು. ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹೇಳಿಕೊಂಡು ಅಳುತ್ತಾರೆ. ಸತ್ತವರ ಹುಟ್ಟಿನಿಂದ ಹಿಡಿದು ಒಂದೊಂದನ್ನೇ ರಾಗವಾಗಿ ಎತ್ತಿ ಆಡುತ್ತಾರೆ. ಸುತ್ತ ಕುಳಿತವರು ಅದಕ್ಕೆ ಹೂಂ ಎಂದು ದನಿಗೂಡಿಸುತ್ತಾರೆ.

"ಏಳ್ ತಿಂಗ್ಳಿಗೇ ಹುಟ್ಬುಟ್ಟು ಹತ್ತಿಲಿ ಸುತ್ತಿ ಸಾಕುದ್ನಲ್ಲೋ ನನ್ನಪ್ಪಾ, ಅವಸ್ರ ಆಗ್ಲೇ ಇತ್ತಲ್ಲೋ ನಿಂಗೆ," ಎಂದು ಎತ್ತಿಕೊಂಡರು. ಚಾಮರಾಜನಗರದ ಸ್ಕೂಲಿಗೆ ಹೋಗಿದ್ದು ಬಂತು, ಮೈಸೂರಿನ ಕಂಪನಿ ಕೆಲಸ ಬಂತು. ನಾನು ಪಕ್ಕದಲ್ಲೇ ಕುಳಿತು ಕೇಳುತ್ತಿದ್ದೆ. ಸರಿಯಾಗಿ ಹೇಳುತ್ತಿದ್ದಾರೆ, ಕಾಲಾನುಕ್ರಮ ತಪ್ಪಿಲ್ಲ ಎಂದುಕೊಂಡೆ. ಗಂಡನ ಹೆಣದ ಪಕ್ಕ ಕುಳಿತು ಹೀಗೆ ಅಂದುಕೊಳ್ಳುವ ಹೆಂಗಸು ಎಲ್ಲಾದರೂ ಇದ್ದಾಳೆಯೇ? ಇದ್ದಾಳೆ.

"ಅಷ್ಟ್ ದೊಡ್ ಕೆಲ್ಸ ಬುಟ್ಟು, ಅವ್ವುನ್ ಬುಟ್ಟಿರಕಾಗದು ಅಂತ ಓಡ್ಬಂದ್ಯಲ್ಲೋ ನನ್ ಕಂದಾ," ಎಂದರು ಅತ್ತೆ.

"ಅಲ್ಲ ಅತ್ತೆ," ಎಂದೆ ನಾನು. "ಅವ್ರು ಮೈಸೂರ್ ಬಿಟ್ಟಿದ್ದು ನನಗೆ ಗುಂಡ್ಲುಪೇಟೆಲಿ ಕೆಲಸ ಆಯ್ತಲ್ಲ, ಆವಾಗ. ನನಗೋಸ್ಕರ ಬಂದದ್ದು."

ಗಟ್ಟಿಯಾಗಿ ಹೇಳಲಿಲ್ಲ. ಕ್ಲಾಸಿನಲ್ಲಿ ಹುಡುಗರು ಇಸವಿ ತಪ್ಪು ಹೇಳಿದಾಗ ತಿದ್ದುವಂತೆ ಮೆಲ್ಲಗೆ ತಿದ್ದಿದೆ. ಅತ್ತೆ ನನ್ನನ್ನು ನೋಡಿದರು. ತೆರೆದ ಬಾಯಿ ಹಾಗೇ ಇತ್ತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಯ ಕಡೆ ತಿರುಗಿ ಕುಳಿತರು.  ಅತ್ತೆಯ ತಂಗಿ ಶಾಂತಮಲ್ಲಮ್ಮ, "ಇದೇನಮ್ಮಿ, ಹೆಣದ್ ಮುಂದೆ ಇಸ್ಕೂಲ್ ಪಾಠ್ವ?" ಎಂದರು. ಹೊಲದಲ್ಲಿ ಮಣ್ಣು ಹಾಕುವಾಗಲೂ ಅತ್ತೆ ಅಳಲಿಲ್ಲ.

ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿಸಿ ಗುಂಡ್ಲುಪೇಟೆಗೆ ಬಂದೆ. ಏನೂ ಅನ್ನಿಸುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ಕೆನ್ನೆ ಇರುತ್ತದಲ್ಲ, ಹಾಗೆ. ಮುಟ್ಟಿದರೆ ಇದೆ, ಆದರೆ ನಮ್ಮದಲ್ಲ. ಅವರ ಫೋನು ಚಾರ್ಜು ಮಾಡಿ ಇಟ್ಟಿದ್ದೆ. ಯಾರೋ ರೈತರು ಫೋನ್ ಮಾಡಿ ಯೂರಿಯಾ ಬಂತಾ ಅಣ್ಣ ಎಂದು ಕೇಳಿದರೆ, "ಅವರಿಲ್ಲ, ಆಮೇಲೆ ಮಾಡಿ," ಎನ್ನುತ್ತಿದ್ದೆ. ಒಬ್ಬರು ಹಾಗೇ ಮೂರು ಸಲ ಮಾಡಿದರು. ಪಾಪ, ಮೂರು ಸಲವೂ ಅದನ್ನೇ ಹೇಳಿದೆ.

ಕಾಲೇಜಿಗೆ ಹೋದೆ. ಮನೆಯಲ್ಲಿ ಕುಳಿತು ಯಾವ ದೇಶ ಉದ್ಧಾರ ಮಾಡಬೇಕಿತ್ತು? ನಮ್ಮ ಕೊನೆಯ ವರ್ಷದ ಮಕ್ಕಳಿಗೆ ನಾನೇ ಹಟ ಮಾಡಿ ಶುರು ಮಾಡಿದ ಒಂದು ಓದಿನ ತರಗತಿ ಇದೆ. ಒಂದು ಹಳೆಯ ಕಾದಂಬರಿ, ಸಮಾಜವನ್ನು ಬದಲಿಸಿದ ಒಬ್ಬರ ಜೀವನ, ಚರಿತ್ರೆಯ ಒಂದು ದೊಡ್ಡ ತಿರುವು. ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಓದುವುದು. ಏನನ್ನೇ ಓದಿದರೂ ಮಕ್ಕಳಿಂದ ನಾನು ಕೇಳಿಸುವ ಪ್ರಶ್ನೆಗಳು ಇವೇ. ಇದನ್ನು ಹೇಳಿದವರು ಯಾರು? ಯಾವಾಗ ಹೇಳಿದರು? ಹಾಗೆ ಹೇಳಿದ್ದರಿಂದ ಅವರಿಗೇನು ಲಾಭ? ಎಂಥ ಮಹಾರಾಜನೇ ಆಗಲಿ, ಈ ಜರಡಿ ಹಿಡಿಯದೆ ನಾವು ಅವನ ಮಾತನ್ನು ನಂಬುವುದಿಲ್ಲ.

ಅಂದು ಕಾದಂಬರಿಯ ಸರದಿ. ಗಟ್ಟಿಯಾಗಿ ಓದುತ್ತಿದ್ದವಳು ರಮ್ಯ. ಓದುತ್ತ ಓದುತ್ತ ಒಂದು ಅಧ್ಯಾಯವನ್ನೇ ಹಾರಿಸಿ ಮುಂದಕ್ಕೆ ಹೋದಳು. ಕ್ಲಾಸಿಗೆ ಕ್ಲಾಸೇ ತಲೆ ತಗ್ಗಿಸಿ ಅವಳೊಂದಿಗೆ ಪುಟ ಮಗುಚಿತು. ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ಗೊತ್ತಾಯಿತು. ಹಾರಿಸಿದ್ದು ನಾಯಕಿಯ ಗಂಡ ಸಾಯುವ ಅಧ್ಯಾಯ. ವರ್ಷವರ್ಷವೂ ಆ ಪುಸ್ತಕ ಪಾಠ ಮಾಡುವವಳಿಂದ ಅದನ್ನು ಬಚ್ಚಿಡಲು ಹೊರಟಿದ್ದವು ಆ ಮಕ್ಕಳು.

"ಯಾಕಮ್ಮ, ಆ ಪುಟ ಇಲಿ ತಿಂತಾ?" ಎಂದೆ.

ರಮ್ಯ ಕೆಂಪಗಾಗಿ ಹಿಂದಕ್ಕೆ ಹೋಗಿ ಓದಿದಳು. ನಾಯಕಿ ಗಂಡನ ಕಾಲು ಹಿಡಿದುಕೊಂಡು ಎರಡು ಪುಟದಷ್ಟು ಹೇಳಿಕೊಂಡು ಅಳುತ್ತಾಳೆ. ಹಿಂದೆಲ್ಲ ಅದನ್ನು ಓದುವಾಗ ನನಗೆ ಕಣ್ಣೀರು ಬರುತ್ತಿತ್ತು. ಅಂದು ಏನೂ ಆಗಲಿಲ್ಲ. ಓದಿ ಮುಗಿದ ಮೇಲೆ, "ಈ ಅಳುವನ್ನ ಆಧಾರ ಅಂತ ಇಟ್ಕೊಂಡು ಆ ಗಂಡನ ಜೀವನಚರಿತ್ರೆ ಬರೀಬಹುದಾ?" ಎಂದು ಕೇಳಿದೆ.

"ಆಗಲ್ಲ ಮೇಡಂ," ಎಂದ ಹಿಂದಿನ ಬೆಂಚಿನ ಮಾದೇಶ. "ಸತ್ತೋರ್ನ ಎಲ್ರೂ ಹೊಗಳ್ತಾರೆ."

"ಹಂಗೇನಿಲ್ಲ," ಎಂದಳು ರಮ್ಯ. "ನಮ್ಮಜ್ಜಿ ತಾತನ್ನ ಬಯ್ಕೊಂಡೇ ಅತ್ತಿದ್ದು. ಕುಡ್ದಿದ್ದು, ಹೊಡ್ದಿದ್ದು, ಎಲ್ಲಾ ಹೇಳ್ತು. ಅದ್ರಲ್ಲಿ ಅರ್ಧ ಸುಳ್ಳಂತೆ. ನಮ್ ದೊಡ್ಡಪ್ಪಂಗೆ ಗೊತ್ತು, ಆದ್ರೂ ಸುಮ್ನಿದ್ರು. ಅಳೋರ್ಗೆ ಅಡ್ಡ ಬಾಯಿ ಹಾಕಂಗಿಲ್ಲ ಮೇಡಂ. ಹಾಕುದ್ರೆ ಆ ದುಃಖ ಎದೇಲೇ ನಿಂತೋಯ್ತದಂತೆ."

ಅವಳಿಗೆ ಉಡಿಗಾಲದ ಸಂಗತಿ ಗೊತ್ತಿರಲಿಕ್ಕಿಲ್ಲ. ನಾನು ಪಾಠ ಮುಂದುವರಿಸಿದೆ. ಏನು ಹೇಳಿದೆನೋ ನೆನಪಿಲ್ಲ.

ಅದೇ ವಾರ ಮೈದುನ ಸಾಗರ್ ಫೋನ್ ಮಾಡಿದ. ಅತ್ತೆ ಇರುವುದು ಅವನ ಜೊತೆಯಲ್ಲಿ. "ಅತ್ಗೆ, ಅವ್ವ ಸರ್ಯಾಗಿ ಉಣ್ತಿಲ್ಲ. ಒಂದ್ ತುತ್ತು ತಿಂದು ತಟ್ಟೆ ತಳ್ಬುಡ್ತದೆ. ಮಾತಿಲ್ಲ ಕತೆಯಿಲ್ಲ. ಡಾಕ್ಟ್ರು, ಅತ್ತುಬಿಟ್ರೆ ಹಗುರಾಗ್ತಾರೆ ಅಂದ್ರು. ನೀವೇ ಬಂದು ಏನಾರ ಮಾಡಿ," ಎಂದ. ನೀವೇ ಮಾಡಿದ್ದು ಎಂದು ಹೇಳಲಿಲ್ಲ, ಒಳ್ಳೆಯ ಹುಡುಗ.

ಏನು ಮಾಡಬೇಕೆಂಬುದು ನನಗೆ ಸ್ಪಷ್ಟವಿತ್ತು. ಅವರು ಬಂದದ್ದು ನಿಮಗೋಸ್ಕರವೇ, ನಾನೇ ತಪ್ಪು ಹೇಳಿದೆ ಎಂದುಬಿಡಬೇಕು. ಒಂದು ಸುಳ್ಳು. ಆಡುವುದು ಸುಲಭ. ಆದರೆ ನಮಗೆ ಮಕ್ಕಳಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಕೆಲಸಕ್ಕೆಂದು ಒಬ್ಬಳೇ ಗುಂಡ್ಲುಪೇಟೆಗೆ ಬಂದೆ, ಅವರು ಮೈಸೂರಿನಲ್ಲಿ ಮೆಸ್ಸಿನ ಊಟ ಮಾಡಿಕೊಂಡು ಉಳಿದರು. ವರ್ಷ ತುಂಬುವುದರೊಳಗೆ ಒಳ್ಳೆಯ ಸಂಬಳ ಬಿಟ್ಟು ಬಂದೇ ಬಂದರು. ಆ ಗಂಡಸಿನ ಬಾಳಿನ ತಿರುವು ಅದೊಂದೇ, ಅದಕ್ಕೆ ಕಾರಣ ನಾನು. ಇಷ್ಟು ವರ್ಷದ ಸಂಸಾರದಲ್ಲಿ ನನ್ನದು ಎಂದು ಹೇಳಿಕೊಳ್ಳಲು ನನಗೆ ಉಳಿದದ್ದು ಅಷ್ಟೇ. ಅದನ್ನು ಬಿಟ್ಟುಕೊಟ್ಟು ಬರಬೇಕಿತ್ತು.

ಭಾನುವಾರ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದು ಚಾಮರಾಜನಗರಕ್ಕೆ ಹೋದೆ. ಅಲ್ಲಿ ಬಸ್ಸು ಬದಲಿಸಿ ಉಡಿಗಾಲದಲ್ಲಿ ಇಳಿದೆ. ದಾರಿಯುದ್ದಕ್ಕೂ ಹೊಲಗಳಲ್ಲಿ ಅರಿಸಿನದ ಎಲೆ ಒಣಗುತ್ತಿತ್ತು. ಕಿಟಕಿಯ ಪಕ್ಕ ಕುಳಿತು ಆ ವಾಕ್ಯವನ್ನು ಬಾಯಿಪಾಠ ಮಾಡಿದೆ. ಬೇಜಾರೂ ಇರಲಿಲ್ಲ, ಭಯವೂ ಇರಲಿಲ್ಲ. ಇನ್ನೊಬ್ಬರ ಮನೆಯ ಸಾಮಾನನ್ನು ಹಿಂದಿರುಗಿಸಲು ಹೊರಟಂತಿತ್ತು.

ಅತ್ತೆ ಹಜಾರದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ರವಿಕೆ ತೋಳಿನಲ್ಲಿ ಜೋತಾಡುತ್ತಿತ್ತು. ನಾನು ಎದುರಿಗೆ ಕುಳಿತು ಒಂದು ಹಿಡಿ ಕಾಯಿ ಎಳೆದುಕೊಂಡೆ. ಬೇಡ ಎನ್ನಲಿಲ್ಲ. ಬಾ ಎಂದೂ ಅನ್ನಲಿಲ್ಲ. ಸಾಗರ್ ಬಾಗಿಲ ಬಳಿ ಪೇಪರು ಹಿಡಿದು ಓದುವವನಂತೆ ನಿಂತಿದ್ದ.

"ಅತ್ತೆ," ಎಂದೆ. "ಅವತ್ತು ನಾನು ಹೇಳಿದ್ದು ತಪ್ಪು. ಅವರು ಮೈಸೂರ್ ಬಿಟ್ಟು ಬಂದದ್ದು ನಿಮಗೋಸ್ಕರನೇ."

ಅತ್ತೆ ಒಂದು ಕಾಯಿ ಸುಲಿದರು. ಇನ್ನೊಂದು ಸುಲಿದರು.

"ಸುಳ್ಳೇಳ್ಬೇಡ ಕನವ್ವ," ಎಂದರು. "ನಿಂಗೆ ಬರದಿಲ್ಲ."

ಸಾವಿನ ದಿನದಿಂದ ನನ್ನೊಡನೆ ಆಡಿದ ಮೊದಲ ಮಾತು ಅದು.  ಅವರು ಮೊರ ಪಕ್ಕಕ್ಕೆ ಸರಿಸಿದರು.

"ನಿಂಗೋಸ್ಕರ ಬಂದ ಅಂತ ನಿಂಗ್ಯಾರೇಳುದ್ರು?"

"ಅವರೇ ಹೇಳಿದ್ರು."

"ಏನಂದ?"

ಅದನ್ನು ಯಾರಿಗೂ ಹೇಳಿರಲಿಲ್ಲ. ಗಂಡ ಹೆಂಡತಿಯ ನಡುವಿನ ಮಾತು. ಆದರೆ ಕೇಳುತ್ತಿದ್ದವರು ಹೆತ್ತ ತಾಯಿ, ಅವರ ಕಣ್ಣು ನನ್ನ ಬಾಯಿಯ ಮೇಲಿತ್ತು. "ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ವಿ ಅತ್ತೆ. ಇಳಿಯುವಾಗ ಬಸ್ಸಲ್ಲಿ ಅಂದ್ರು. ಮೆಸ್ಸಿನ ಊಟ ಸಾಕಾಯ್ತು ಕಣೇ, ನಿನ್ ಕೈಯಡುಗೆ ಬಿಟ್ಟು ಇರಕಾಗಲ್ಲ, ಅದಕ್ಕೇ ಬಂದ್ಬಿಟ್ಟೆ ಅಂತ."



"ಮೆಸ್ಸಿನ್ ಊಟ ಸಾಕಾಯ್ತು ಅಂದ್ನಾ?"

"ಹೂಂ."

"ಕೈಯಡ್ಗೆ ಅಂದ್ನಾ?"

"ಹೂಂ ಅತ್ತೆ."

"ಅಗೋ, ಆ ಕಂಬದ್ ತಾವು ಕುಂತ್ಕಂಡು ನಂಗೂ ಅದ್ನೇ ಅಂದ ಕನವ್ವ. ಮೆಸ್ಸಿನ್ ಊಟ ಸಾಕಾಯ್ತು ಕನವ್ವೋ, ನಿನ್ ಕೈಯಡ್ಗೆ ಬುಟ್ಟು ಇರಕಾಗದು, ಬಂದ್ಬುಟ್ಟೆ ಅಂದ. ಒಂದ್ ಮಾತು ಆಚೀಚೆ ಇಲ್ಲ. ಎರಡ್ ರೊಟ್ಟಿ ಜಾಸ್ತಿನೇ ತಿಂದ."

ಬಾಗಿಲ ಬಳಿ ಸಾಗರ್ ಪೇಪರು ಮಡಚಿದ. "ನನ್ ತಾವು ಅಣ್ಣ, ಮ್ಯಾನೇಜರ್ ಜೊತೆ ಜಗ್ಳ ಆಗಿ ಕೆಲ್ಸ ಬುಟ್ಟೆ ಅಂದಿದ್ದ," ಎಂದ ಮೆಲ್ಲಗೆ. "ಮನೇಲಿ ಯಾರ್ಗೂ ಹೇಳ್ಬೇಡ ಅಂದಿದ್ದ."

ಮೂವರೂ ಒಬ್ಬರನ್ನೊಬ್ಬರು ನೋಡಿದೆವು.

"ಕಳ್ ಬಡ್ಡೆತ್ತದು," ಎಂದರು ಅತ್ತೆ.

ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ನನ್ನ ಕೈಯಡುಗೆ! ನನ್ನ ಸಾರಿಗೆ ಒಂದು ದಿನ ಉಪ್ಪೇ ಬೀಳುವುದಿಲ್ಲ, ಇನ್ನೊಂದು ದಿನ ಎರಡು ಸಲ ಬೀಳುತ್ತದೆ. ಅದನ್ನು ಬಿಟ್ಟಿರಲಾರೆ ಎಂದು ಒಬ್ಬ ಗಂಡಸು ಹೇಳಿದರೆ, ಊರ ಮಕ್ಕಳಿಗೆಲ್ಲ ಜರಡಿ ಹಿಡಿಯಲು ಕಲಿಸುವ ನಾನು ಹದಿನೇಳು ವರ್ಷ ನಂಬಿಕೊಂಡು ಕುಳಿತಿದ್ದೆ. ಅತ್ತೆಯೂ ನಕ್ಕರು. ಬೊಚ್ಚು ಬಾಯಿ ಮುಚ್ಚಿಕೊಂಡು ಮೈ ಕುಲುಕಿಸಿ ನಕ್ಕರು. ಸಾಗರನ ಹೆಂಡತಿ ಕಾವ್ಯಶ್ರೀ ಏನಾಯಿತೋ ಎಂದು ಅಡುಗೆ ಮನೆಯಿಂದ ಓಡಿ ಬಂದಳು.

ನಗುತ್ತಲೇ ನನಗೆ ಸಿಟ್ಟು ಬಂತು. ಇವತ್ತು ಬಿಡುವುದಿಲ್ಲ ಎಂದುಕೊಂಡೆ. ಸಂಜೆ ಅಂಗಡಿ ಮುಚ್ಚಿ ಬರಲಿ, ಕೈಕಾಲು ತೊಳೆಯಲಿ, ತಟ್ಟೆಯ ಮುಂದೆ ಕೂರಿಸಿ ಕೇಳುತ್ತೇನೆ. ಮೂರರಲ್ಲಿ ಯಾವುದು ನಿಜ? ನಿಮ್ಮ ಅವ್ವನಿಗೂ ಫೋನ್ ಮಾಡಿ ಹೇಳಿ. ಹೇಳುವ ತನಕ ಅನ್ನ ಬಡಿಸುವುದಿಲ್ಲ. ಅವರು ತಲೆ ಕೆರೆದುಕೊಂಡು ಕಿಟಕಿಯ ಕಡೆ ನೋಡುತ್ತಾರೆ, ಸಿಕ್ಕಿಬಿದ್ದಾಗ ಹಾಗೇ ನೋಡುವುದು. ಇಷ್ಟನ್ನೂ ನಿಜವಾಗಿ ಅಂದುಕೊಂಡೆ. ಬಸ್ಸು ಎಷ್ಟು ಹೊತ್ತಿಗಿದೆ ಎಂದು ಸಾಗರನನ್ನು ಕೇಳಲು ಬಾಯಿ ಕೂಡ ತೆರೆದೆ.

ಆಗ ಗೊತ್ತಾಯಿತು. ಕೇಳಲು ಅವರಿಲ್ಲ.

ಬದುಕೆಲ್ಲ ಸತ್ತವರ ಪಾಠವನ್ನೇ ಮಾಡಿದ್ದೇನೆ. ರಾಜರು, ಶರಣರು, ಚಳವಳಿಗಾರರು. ಅವರು ಉತ್ತರ ಹೇಳುವುದಿಲ್ಲ ಎಂದು ಒಂದು ದಿನವೂ ನನಗೆ ನೋವಾಗಿರಲಿಲ್ಲ. ಅದು ವಿಷಯದ ಸ್ವಭಾವ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಈಗ ಎದೆಯ ಮೇಲೆ ಯಾರೋ ಗೊಬ್ಬರದ ಮೂಟೆ ಇಳಿಸಿದಂತಾಯಿತು.

"ಯಾಕ್ರೀ ಹಂಗಂದ್ರಿ," ಎಂದೆ. ಯಾರ ದನಿಯೋ ಅನ್ನಿಸಿತು. ಅದರಲ್ಲಿ ರಾಗವಿತ್ತು. "ಯಾರಿಗ್ರೀ ನಿಜ ಹೇಳಿದ್ರಿ, ಬಂದು ಒಂದ್ಸಲ ಹೇಳ್ಬಿಟ್ ಹೋಗ್ರೀ..."  ಕಣ್ಣು, ಮೂಗು, ಬಾಯಿ ಎಲ್ಲ ಒಟ್ಟಿಗೆ ಸುರಿಯತೊಡಗಿತು.

ಅತ್ತೆ ಸರಿದು ಬಂದು ನನ್ನ ಕೊರಳಿಗೆ ಕೈ ಹಾಕಿ ತಲೆಯನ್ನು ತಮ್ಮ ಭುಜಕ್ಕೆ ಒತ್ತಿಕೊಂಡರು. "ನಂಗೂ ಏಳ್ನಿಲ್ಲ ಕನವ್ವಾ," ಎಂದು ಎತ್ತಿಕೊಂಡರು, "ಹೆತ್ತವ್ಳ್‌ಗೂ ಏಳ್ದೆ ಒಂಟೋದ್ನಲ್ಲವ್ವಾ..."