ಕಂಪೈಲ್ ಮುಗಿಯುವ ತನಕ

ಒಂದಾನೊಂದು ಕಾಲದಲ್ಲಿ, ಅಂದರೆ ಇವತ್ತೇ ಬೆಳಿಗ್ಗೆ, ಹಲ್ಲಿನ ಡಾಕ್ಟರೊಬ್ಬನ ಹೆಂಡತಿ ಗಂಡನಿಗೆ ಮಾತು ಕೊಟ್ಟುಬಿಟ್ಟಳು: "ಈ ಕಂಪೈಲ್ ಒಂದು ಮುಗೀಲಿ. ಹೇಳ್ತೀನಿ."

ಅವನು ಕೇಳಿದ್ದು ಇಷ್ಟೇ. ದೂರದ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಇವತ್ತೇ ಒಪ್ಪಿಗೆ ತಿಳಿಸಬೇಕು. ನೀನೂ ಬರ್ತೀಯಾ, ಇಲ್ಲೇ ಇರ್ತೀಯಾ?

ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿದ್ದ ಹಾಗೆ ಅವಳ ಉತ್ತರವೂ ಎಲ್ಲೋ ಇರಲೇಬೇಕು. ಒಳಗೆಲ್ಲ ತಡಕಾಡಿದಳು. ಹೂಂ ಸಿಗಲಿಲ್ಲ. ಉಹೂಂ ಕೂಡ ಸಿಗಲಿಲ್ಲ. ಸಿಕ್ಕಿದ್ದು ಕೀಬೋರ್ಡು.

ಕಪ್ಪು ಪರದೆಯಲ್ಲಿ 'ಮೇಕ್' ಎಂದು ಬರೆದು ಎಂಟರ್ ಒತ್ತಿದಳು. ಸಾಲುಗಳು ಇರುವೆಗಳಂತೆ ಹರಿಯತೊಡಗಿದವು. ಅವಳು ಬರೆದ ಕೋಡು ತುಂಡುತುಂಡಾಗಿ ಯಂತ್ರದ ಭಾಷೆಗೆ ಇಳಿದು, ಕಡೆಗೆ ಎಲ್ಲ ಸೇರಿ ಒಂದು ಪ್ರೋಗ್ರಾಂ ಆಗಬೇಕು. ಅಷ್ಟು ಹೊತ್ತು ಅವಳನ್ನು ಯಾರೂ ಕೆಣಕುವಂತಿಲ್ಲ. ಆಫೀಸಿನಲ್ಲೂ ಇದೇ ಪದ್ಧತಿ: ಧ್ಯಾನಕ್ಕೆ ಕೂತವರಿಗಿಂತ ಕಂಪೈಲಿಗೆ ಕೂತವರಿಗೆ ಮರ್ಯಾದೆ ಹೆಚ್ಚು.

ಇನ್ನೇನು ಮುಗಿಯಿತು ಎನ್ನುವಾಗ ನಡುವೆಯೇ ನಿಲ್ಲಿಸಿ 'ಮೇಕ್ ಕ್ಲೀನ್' ಎಂದಳು. ಆಗಿದ್ದ ತುಂಡುಗಳನ್ನೆಲ್ಲ ಅದು ಗುಡಿಸಿಹಾಕಿತು. ಮತ್ತೆ ಮೊದಲಿನಿಂದ.

ಊಟದ ಹೊತ್ತಿಗೆ ಗಂಡ ಇಣುಕಿದ.

"ಆಯ್ತೇನೇ?"

"ಆಗ್ತಾ ಇದೆ."

"ಊರವರ ಬಾಯೆಲ್ಲ ತೆಗೆಸ್ತೀನಿ. ಮನೇಲಿ ಮಾತ್ರ ನನ್ನ ಕಸುಬು ನಡೆಯಲ್ಲ ನೋಡು."

"ನೋವಾಗುತ್ತಾ ಅಂತ ಮೊದಲು ಕೇಳ್ಬೇಕು, ಡಾಕ್ಟ್ರೇ."

"ಆಗುತ್ತಾ?"

"ಕಂಪೈಲ್ ಮುಗೀಲಿ."

ಅವನು ಕುರ್ಚಿ ಎಳೆದುಕೊಂಡು ಹಿಂದೆಯೇ ಕೂತ. ಅವಳು ಸದ್ದಿಲ್ಲದೆ ಮತ್ತೊಮ್ಮೆ ಗುಡಿಸಿದಳು.

"ಈ ಸಾಲು ಆಗಲೇ ಬಂದಿತ್ತಲ್ವಾ?"

"ಅದು ಬೇರೆ, ಇದು ಬೇರೆ."

"ಹೌದಾ? ನನಗೇನು ಗೊತ್ತಮ್ಮ, ಹಲ್ಲು ಕೀಳೋನಿಗೆ."

ಅಷ್ಟೇ. ಕೆದಕಲಿಲ್ಲ, ಎದ್ದೂ ಹೋಗಲಿಲ್ಲ. ಅವಳು ಓರೆಗಣ್ಣಲ್ಲಿ ನೋಡಿದಳು. ಮುಖದಲ್ಲಿ ಕೋಪ ಇರಲಿಲ್ಲ. ಮೇಷ್ಟ್ರು ಬಂದಿಲ್ಲವೆಂದು ತಿಳಿದ ಹುಡುಗನ ನೆಮ್ಮದಿ ಇತ್ತು. ಅವನಿಗೂ ಉತ್ತರ ಬೇಡವಾಗಿತ್ತು. ಹೂಂ ಅಂದರೂ ಕಷ್ಟ, ಉಹೂಂ ಅಂದರೂ ಕಷ್ಟ.

ಗುಡಿಸಲು ಹೊರಟಿದ್ದ ಬೆರಳು ಅಲ್ಲೇ ನಿಂತಿತು. ಈ ಸಲ ಅವಳು ತಡೆಯಲಿಲ್ಲ. ಕಡೆಯ ತುಂಡೂ ಕೂಡಿಕೊಂಡಿತು. ಒಂದೇ ಒಂದು ತಪ್ಪೂ ಇರಲಿಲ್ಲ, ಹಾಳಾದ್ದು.

"ಮುಗೀತು," ಎಂದಳು.

"ಮೊದಲು ಓಡಿಸಿ ನೋಡೇ," ಎಂದ ಅವನು, ಅವಸರವಸರವಾಗಿ.

ಓಡಿಸಿದಳು. ಲಿಫ್ಟ್ ನಡೆಸುವ ಪ್ರೋಗ್ರಾಂ ಅದು. ಪರದೆಯ ಮೇಲೆ ಗೆರೆಗಳ ಪುಟ್ಟ ಲಿಫ್ಟು ಮೇಲೇರಿತು. ಪ್ರತಿ ಅಂತಸ್ತಿನಲ್ಲೂ ನಿಂತಿತು, ಬಾಗಿಲು ತೆರೆಯಿತು, ಮರ್ಯಾದೆಗೆ ತಕ್ಕಷ್ಟು ಹೊತ್ತು ಕಾಯಿತು. ಯಾರೂ ಹತ್ತಲಿಲ್ಲ. ಯಾರೂ ಇಳಿಯಲಿಲ್ಲ. ಬಾಗಿಲು ಮುಚ್ಚಿತು.

"ಎಷ್ಟು ಚೆನ್ನಾಗಿ ಹೋಗುತ್ತಲ್ಲ!" ಎಂದ ಗಂಡ.

ಇಬ್ಬರೂ ಕುರ್ಚಿಗಳನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡರು.