ಇಂಗ್ಲಿಷ್ ದೊಡ್ಡಪ್ಪನ ಬಾಲಂಗೋಚಿಗಳು

ಬಾಯನ್ನು ಬಾಡಿಗೆಗೆ ಕೊಟ್ಟು ಬದುಕಿದ ಮನೆತನ ಅವನದು. ಮುತ್ತಜ್ಜ ಡಂಗುರ ಹೊಡೆಯುತ್ತಿದ್ದವನು. ಕಂದಾಯ ಕಟ್ಟಬೇಕೆಂಬುದನ್ನೂ ಕಾಲರಾ ಬಂದಿದೆಯೆಂಬುದನ್ನೂ ಯಾರದೋ ಹಸು ತಪ್ಪಿಸಿಕೊಂಡಿದೆಯೆಂಬುದನ್ನೂ ಒಂದೇ ಗಾಂಭೀರ್ಯದಲ್ಲಿ ಸಾರಿದವನು, ತನ್ನ ಮದುವೆಯ ಸುದ್ದಿಯನ್ನೂ ತಾನೇ ಡಂಗುರ ಹೊಡೆದು ಸಾರಿಕೊಂಡನಂತೆ. ಅಜ್ಜ ನ್ಯಾಯಾಲಯದ ಬಾಗಿಲಲ್ಲಿ ನಿಂತು ಸಾಕ್ಷಿಗಳ ಹೆಸರು ಕೂಗುತ್ತಿದ್ದ. ಅವನು ಕೂಗಿದರೆ ಮರದಡಿ ನಿದ್ದೆಹೋಗಿದ್ದ ಸಾಕ್ಷಿಯಷ್ಟೇ ಅಲ್ಲ, ಆ ಹೆಸರಿನ ದಾರಿಹೋಕರೂ ಗಾಬರಿಬಿದ್ದು ಒಳಗೆ ಬಂದು ಕೈಕಟ್ಟಿ ನಿಲ್ಲುತ್ತಿದ್ದರು. ಅಪ್ಪ ಗಾಡಿಯ ಮೇಲೆ ಕೂತು ತಗಡಿನ ಕಹಳೆಯಲ್ಲಿ ಸಿನಿಮಾ ಪ್ರಚಾರ ಮಾಡಿದ; ಅವನ ಬಾಯಲ್ಲಿ ಕಥೆ ಕೇಳಿ ಟಿಕೆಟ್ಟು ಕೊಂಡವರು, ಪರದೆಯ ಮೇಲಿನದು ಅದರ ಮುಂದೆ ಸಪ್ಪೆಯೆಂದು ಗೊಣಗಿಕೊಂಡು ಹೊರಬರುತ್ತಿದ್ದರು. ಈ ಮೂವರ ಗಂಟಲನ್ನೂ ಪಿತ್ರಾರ್ಜಿತವಾಗಿ ಪಡೆದವನು ಉಡುಪು ಕಾರ್ಖಾನೆಯ ಕಟಿಂಗ್ ಮಾಸ್ಟರ್. ಹೊಲಿಗೆಯ ಸಾಲುಗಳಲ್ಲಿ ಕೂತ ಹೆಂಗಸರ ಪಾಲಿಗೆ ಅವನು ಇಂಗ್ಲಿಷ್ ದೊಡ್ಡಪ್ಪ.

ಅವನಿಗಿಂತ ಮೊದಲು ಅವನ ಕೋಟು ಕಣ್ಣಿಗೆ ಬೀಳುತ್ತಿತ್ತು. ಬೂದುಬಣ್ಣದ್ದು, ತಾನೇ ಕತ್ತರಿಸಿ ತಾನೇ ಹೊಲಿದದ್ದು, ಎಂಥ ಸೆಕೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿಕೊಂಡದ್ದು. ಬಲಜೇಬಿನ ಅಂಚು ಸೀಮೆಸುಣ್ಣದ ಪುಡಿಯಿಂದ ಸದಾ ಬೆಳ್ಳಗೆ. ನಡೆದರೆ, ನೆಲವೇ ಒಂದು ಥಾನು ಬಟ್ಟೆಯೆಂಬಂತೆ, ಸಮನಾದ ಹೆಜ್ಜೆಯಲ್ಲಿ ಅಳೆದುಕೊಂಡು ನಡೆಯುತ್ತಿದ್ದ. ಸಾಹೇಬರ ಇಂಗ್ಲಿಷನ್ನು ಹೆಂಗಸರಿಗೆ ತಿಳಿಸುವ ಮುನ್ನ ಕೋಟನ್ನು ಕೆಳಗೆಳೆದು, ಗಂಟಲು ಸರಿಮಾಡಿಕೊಂಡು, "ಅರ್ಥಾತ್" ಎನ್ನುತ್ತಿದ್ದ. ಆ ಒಂದು ಶಬ್ದಕ್ಕೆ ಅಷ್ಟೂ ಹೊಲಿಗೆ ಯಂತ್ರಗಳು ಗಪ್ಪಾಗುತ್ತಿದ್ದವು.

ಆ ಇಂಗ್ಲಿಷು ಯಾರೂ ಕಲಿಸಿಕೊಟ್ಟದ್ದಲ್ಲ. ಮೀಸೆ ಮೂಡುವ ಮೊದಲೇ ಕತ್ತರಿ ಹಿಡಿದವನು, ಗುಜರಿಯಲ್ಲಿ ತೂಕಕ್ಕೆ ಸಿಕ್ಕಿದ ರಟ್ಟಿಲ್ಲದ ನಿಘಂಟೊಂದನ್ನು ತಂದು, ಇಸ್ತ್ರಿಪೆಟ್ಟಿಗೆ ಕಾಯುವ ಹೊತ್ತಿನಲ್ಲಿ ಪುಟ ಪುಟವಾಗಿ ನುಂಗಿದ್ದ. ದೊಡ್ಡ ಶಬ್ದ ಕಂಡರೆ ಅವನಿಗೆ ಹಬ್ಬ. ಅಪ್, ಆಫ್, ಔಟ್, ಇನ್ ಎಂಬ ಹೇನಿನಷ್ಟು ಗಾತ್ರದ ಶಬ್ದಗಳನ್ನು ಮಾತ್ರ ಮೂಗು ಮುರಿದು ದಾಟಿಬಿಡುತ್ತಿದ್ದ. "ಅವೆಲ್ಲ ಬಾಲಂಗೋಚಿಗಳು. ಪಟ ಹಾರಿದ್ರೆ ಅವೂ ಹಿಂದೆ ಹಿಂದೆ ಹಾರ್ತವೆ" ಎಂಬುದು ಅವನ ತೀರ್ಮಾನ. ಹಳೆಯ ಮಾಲೀಕರ ಕಾಲದಲ್ಲಿ ಅದು ಸುಳ್ಳಾಗಲಿಲ್ಲ. ಅವರದು ಕೋರ್ಟು ತೀರ್ಪಿನಂಥ ಭಾಷೆ. ಒಪ್ಪಿದರೆ 'ಪರ್ಮಿಟ್', ಒಲ್ಲೆನೆಂದರೆ 'ರಿಫ್ಯೂಸ್', ಎರಡನ್ನೂ ಒಂದೇ ಗಂಟುಮುಖದಲ್ಲಿ ಹೇಳುವರು. ದೊಡ್ಡಪ್ಪನಿಗೆ ಮುಖ ನೋಡುವ ಪ್ರಮೇಯವೇ ಬರುತ್ತಿರಲಿಲ್ಲ.

ಅವರು ಹೋಗಿ ಹೊರದೇಶದ ಮೇಡಂ ಬಂದರು. ಚಿಕ್ಕ ಪ್ರಾಯ, ನಗುಮುಖ, ಎಲ್ಲರ ಹೆಗಲ ಮೇಲೂ ಕೈ. ಅವರ ಬಾಯಲ್ಲಿ ದೊಡ್ಡ ಶಬ್ದವೆಂಬುದೇ ಇರಲಿಲ್ಲ. ಇದ್ದವೆಲ್ಲ ಗೆಟ್, ಪುಟ್, ಟೇಕ್, ಲುಕ್, ಅವುಗಳ ಹಿಂದೆ ಬಾಲಂಗೋಚಿಗಳ ಹಿಂಡು. ಗೆಟ್ ಎಂಬ ಒಂದೇ ಪಟಕ್ಕೆ ಬೆಳಿಗ್ಗೆ ಅಪ್ ಕಟ್ಟುವರು, ಮಧ್ಯಾಹ್ನ ಬೈ, ಸಂಜೆಗೆ ಓವರ್; ಕಟ್ಟಿದ್ದು ಬದಲಾದಂತೆಲ್ಲ ಪಟವೇ ಬೇರೆ ದಿಕ್ಕಿಗೆ ಹಾರಿಬಿಡುವುದು. 'ಲುಕ್ ಆಫ್ಟರ್' ಎಂದರೆ ಯಾರನ್ನೋ ಹಿಂದಿನಿಂದ ನೋಡುವುದೆಂದು ಬಗೆದು, ಹಿಂದಿನಿಂದ ನೋಡುವಂಥದ್ದೇನಿದೆಯೆಂದು ಅವನು ಕತ್ತರಿ ಕೈಯಲ್ಲಿ ಹಿಡಿದೇ ಚಿಂತಿಸಿದ್ದುಂಟು. ಕೇಳಿ ತಿಳಿಯಬಹುದಿತ್ತು. ಆದರೆ ಇಡೀ ಕಾರ್ಖಾನೆಗೆ ಅರ್ಥ ಹೇಳುವವನು ಯಾರ ಬಳಿ ಅರ್ಥ ಕೇಳುವುದು? ಮನೆಯಲ್ಲಿ ಸೊಸೆಯಿದ್ದಳು, ಲಾಡ್ಜೊಂದರ ಕೌಂಟರಿನಲ್ಲಿ ಕೂತು ದಿನವಿಡೀ ಇಂಗ್ಲಿಷಿನಲ್ಲೇ ವ್ಯವಹರಿಸುವವಳು. "ನಿನ್ನದು ಬರಿಗಾಲಿನ ಇಂಗ್ಲಿಷು ಮಗಳೇ, ಚಪ್ಪಲಿಯಿಲ್ಲ, ವ್ಯಾಕರಣವಿಲ್ಲ" ಎಂದು ಅವಳನ್ನು ಛೇಡಿಸಿ ಛೇಡಿಸಿ, ಆ ಬಾಗಿಲನ್ನೂ ತಾನೇ ಮುಚ್ಚಿಕೊಂಡಿದ್ದ. ಹಾಗಾಗಿ ಅವನು ಹೊಸ ಉಪಾಯವೊಂದನ್ನು ಹಿಡಿದ: ಮಾತನ್ನು ಬಿಟ್ಟು ಮುಖವನ್ನು ಅನುವಾದಿಸತೊಡಗಿದ. ಮೇಡಂ ನಕ್ಕರೆ ಹೌದು, ಹುಬ್ಬು ಗಂಟಿಕ್ಕಿದರೆ ಇಲ್ಲ. ಉಳಿದದ್ದನ್ನು ಮನೆತನದ ಗಂಟಲು ತುಂಬಿಕೊಡುತ್ತಿತ್ತು.

ಆ ಹೊಲಿಗೆ ಹಾಲಿನಲ್ಲಿ ಹೆಂಗಸರಿಗೆಲ್ಲ ಅವರು ಹೊಲಿಯುವ ಭಾಗದ್ದೇ ಹೆಸರು: ತೋಳಿನ ಚಿಕ್ಕಮ್ಮ, ಜೇಬಿನ ಹುಡುಗಿ, ಕಾಲರ್ ಅಕ್ಕ. ಒಂದು ಬೆಳಿಗ್ಗೆ ಕಾಲರ್ ಅಕ್ಕ ಅವನ ಮೇಜಿನ ಬಳಿ ಬಂದು ನಿಂತಳು.

"ದೊಡ್ಡಪ್ಪ, ತಂಗಿಗೆ ದಿನ ತುಂಬಿದೆ. ತಾಯಿಯಿಲ್ಲದ ಹುಡುಗಿ. ಒಂದು ವಾರ ರಜೆ ಕೊಡ್ತಾರಾ ಕೇಳಿ. ಆಗಲ್ಲ ಅಂದ್ರೆ ಈಗ್ಲೇ ಹೇಳಲಿ, ನಾದಿನಿ ಕೈಕಾಲು ಹಿಡಿದಾದ್ರೂ ಅವಳನ್ನ ಕಳಿಸ್ತೀನಿ."

ಅವನು ತನ್ನ ನಿಘಂಟಿನ ಅತ್ಯುತ್ತಮ ಪದಗಳನ್ನು ಆಯ್ದು ಮೇಡಂ ಮುಂದೆ ವಿಷಯವಿಟ್ಟ. ಮೇಡಂ ಕಾಲರ್ ಅಕ್ಕನ ಹೆಗಲ ಮೇಲೆ ಕೈಯಿಟ್ಟು, ತಾಯಿಯಂತೆ ನಕ್ಕು ಹೇಳಿದರು: "ಐ'ಲ್ ಹ್ಯಾವ್ ಟು ಟರ್ನ್ ಯೂ ಡೌನ್ ದಿಸ್ ಟೈಮ್, ಡಿಯರ್. ಲೆಟ್ಸ್ ಪುಟ್ ಇಟ್ ಆಫ್ ಟಿಲ್ ದಿ ಆರ್ಡರ್ ಗೋಸ್ ಔಟ್."

ದೊಡ್ಡಪ್ಪನ ಕೈಗೆ ದಕ್ಕಿದ್ದು 'ಡಿಯರ್' ಒಂದೇ. ಮಿಕ್ಕದ್ದಕ್ಕೆ ಆ ಕೈ, ಆ ನಗು. ಕೋಟು ಎಳೆದುಕೊಂಡ.

"ಅರ್ಥಾತ್, ಹೋಗಿ ಬಾ ಅಂತಿದ್ದಾರೆ ತಾಯಿ. ಬಾಣಂತಿ ಇರೋ ಮನೇಲಿ ಹೆಣ್ಣುಜೀವ ಒಂದಿರಬೇಕು, ಕೆಲಸ ಎಲ್ಲಿಗೆ ಓಡಿಹೋಗುತ್ತೆ ಅಂತಾನೂ ಅಂದ್ರು."

ಅವಳು ಎರಡೂ ಕೈ ಮುಗಿದಳು. ಇಲ್ಲವೆಂದದ್ದನ್ನು ಇಷ್ಟು ಸಮಾಧಾನದಿಂದ ಒಪ್ಪಿಕೊಂಡಳಲ್ಲ ಎಂದು ಮೇಡಂ ಕಣ್ಣೂ ತೇವವಾಯಿತು.

ವಾರ ಕಳೆದು ಬಂದಾಗ ಅವಳ ಯಂತ್ರದ ಮುಂದೆ ಬೇರೊಬ್ಬಳು ಕೂತಿದ್ದಳು. ಹೇಳದೆ ಕೇಳದೆ ಹೋದವಳೆಂದು ಅವಳನ್ನು ದಾರದ ತುದಿ ಕತ್ತರಿಸುವ ಮೇಜಿಗೆ ಹಾಕಿದ್ದರು. ಅದು ಹೊಸಬರು ಕೂರುವ ಜಾಗ, ಅಲ್ಲಿಗೆ ಹೋದವರನ್ನು ಯಾವ ಹೆಸರಿನಿಂದಲೂ ಕರೆಯುವುದಿಲ್ಲ. ಬೆನ್ನ ಹಿಂದೆ ಹಾಲಿಗೆ ಹಾಲೇ ಮೇಡಂ ಮೇಲೆ ಹರಿಹಾಯ್ದಿತು.

"ನಗ್ತಾ ನಗ್ತಾ ಕತ್ತು ಕೊಯ್ದಳಲ್ಲೇ ಮಹಾತಾಯಿ!"

"ಆ ಹಲ್ಲು ನೋಡಿ ಮರುಳಾದ್ವಲ್ಲ, ನಮಗೆ ಬುದ್ಧಿಯಿಲ್ಲ."

ಮೇಡಂ ಬಂದರೆ ಯಾರೂ ತಲೆಯೆತ್ತುತ್ತಿರಲಿಲ್ಲ. ಯಾಕೆಂದು ತಿಳಿಯದೆ ಅವರು ಇನ್ನಷ್ಟು ನಗುತ್ತಿದ್ದರು, ನಕ್ಕಷ್ಟೂ ಹೆಂಗಸರ ಸಿಟ್ಟು ಏರುತ್ತಿತ್ತು. ಕಾಲರ್ ಅಕ್ಕ ಮಾತ್ರ ದೊಡ್ಡಪ್ಪನ ಮೇಜಿಗೆ ಬಂದು ತಗ್ಗಿದ ದನಿಯಲ್ಲಿ, "ನಿಮ್ಮೆದುರಿಗೇ ಹೇಳಿದ್ದಲ್ವಾ? ನೀವೇ ಸಾಕ್ಷಿ. ಒಂದ್ಸಲ ಜ್ಞಾಪಿಸಿ ದೊಡ್ಡಪ್ಪ" ಎಂದಳು.

"ನೋಡೋಣ ತಾಯಿ" ಎಂದ. ಅಷ್ಟು ಹೇಳುವುದರಲ್ಲಿ ಅವನ ಕಿವಿಯ ತುದಿ ಕಾದು ಕೆಂಡವಾಯಿತು. ಆ ದಿನ ಸೀಮೆಸುಣ್ಣದ ಗೆರೆ ಸೊಟ್ಟ ಹೋಯಿತು. ಕತ್ತರಿ ಹಾಕದೆ ಬಟ್ಟೆಯನ್ನು ಮಡಿಚಿಟ್ಟ. ಸೊಟ್ಟ ಗೆರೆ ಕಂಡ ಹೆಂಗಸರು, ನಮ್ಮ ಸಂಕಟಕ್ಕೆ ದೊಡ್ಡಪ್ಪ ಸೊರಗಿಹೋದರೆಂದು ಮರುಗಿ, ತಮ್ಮ ಪಾಲಿನ ಚಹಾವನ್ನು ಅವನ ಲೋಟಕ್ಕೆ ಸುರಿದರು. ಆ ಚಹಾ ಕುಡಿಯುವಾಗ ನೆಲ ಬಾಯಿ ಬಿಡಬಾರದೇ ಎನಿಸಿತು ಅವನಿಗೆ. ಅದಕ್ಕಿಂತ ಹೆಚ್ಚು ನಾಚಿಕೆಯ ಸಂಗತಿ ಇನ್ನೊಂದಿತ್ತು: ಆ ಸಂಜೆ ಊಟಕ್ಕೆ ಕೂತಾಗ ಸೊಸೆಯ ಮುಂದೆ ತಾನೂ, "ಈಗಿನವರ ಮಾತಿಗೆ ನೆಲೆಯಿಲ್ಲ, ನಮ್ಮ ಕಾಲರ್ ಅಕ್ಕನ ಯಂತ್ರ ಕಿತ್ಕೊಂಡ್ರು" ಎಂದು ಮೇಡಂ ಮೇಲೆಯೇ ಗೂಬೆ ಕೂರಿಸಿದ್ದ.

ಮೂರನೆಯ ಸಂಜೆ ತಡೆಯಲಾಗಲಿಲ್ಲ. ಸೊಸೆ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅರ್ಥ ದಕ್ಕದಿದ್ದರೂ ಕಿವಿಯಲ್ಲಿ ಉಳಿದಿದ್ದ ಮೇಡಂ ಮಾತನ್ನು, ಯಾರೋ ಎಲ್ಲೋ ಹೇಳಿದ ವಾಕ್ಯವೆಂಬಂತೆ, ಒಂದಕ್ಷರ ಬಿಡದೆ, ಅದೇ ಏರಿಳಿತದಲ್ಲಿ ಅವಳಿಗೆ ಒಪ್ಪಿಸಿದ.

ಅವಳು ನಕ್ಕಳು. "ಇಷ್ಟು ಸಿಹಿಯಾಗಿ ಇಲ್ಲ ಅಂದೋರು ಯಾರು ಮಾವ? ರೂಮ್ ಖಾಲಿಯಿಲ್ಲ ಅನ್ನೋಕೆ ನಮಗೂ ಹೀಗೇ ಕಲಿಸಿದ್ದು."

"ಇಲ್ಲ ಅಂತಲಾ?"

"ಇಲ್ಲ ಅಂತಲೇ. ಈ ಸಲ ಆಗಲ್ಲ, ಆರ್ಡರ್ ಸಾಗಿದ ಮೇಲೆ ನೋಡೋಣ ಅಂತ."

"ಟರ್ನ್ ಅಂದ್ರೆ ತಿರುಗಿಸು, ಡೌನ್ ಅಂದ್ರೆ ಕೆಳಗೆ. ಇದರಲ್ಲಿ 'ಇಲ್ಲ' ಎಲ್ಲಿಂದ ಬಂತು?"

"ನಮ್ಮಲ್ಲಿಲ್ವಾ? ಬಿಟ್ಟುಕೊಡು ಅಂತೀವಿ, ಕೊಟ್ಟುಬಿಡು ಅಂತೀವಿ. ಅದೇ ಬಿಡೋದು, ಅದೇ ಕೊಡೋದು. ಎರಡೂ ಒಂದೇನಾ? ಹೊರಗಿನೋರು ಬಂದು ಯಾಕೆ ಒಂದಲ್ಲ ಅಂದ್ರೆ ಏನು ಹೇಳ್ತೀರ?"

ಅವನು ಕತ್ತಿನ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿದ. ಸೊಸೆಯ ಕೈಯಲ್ಲಿದ್ದ ಅಂಗಿ ಅರ್ಧ ಮಡಿಕೆಯಲ್ಲೇ ನಿಂತಿತು.

"ಮಾವ... ಇದು ಕಾಲರ್ ಅಕ್ಕನಿಗೆ ಹೇಳಿದ ಮಾತಾ?"

ಅವನ ತಲೆ ತಾನಾಗಿ ಬಗ್ಗಿತು. ಬರಿಗಾಲಿನ ಇಂಗ್ಲಿಷಿನವಳು ಒಂದು ಕೊಂಕು ಮಾತೂ ಆಡಲಿಲ್ಲ. ಆಡಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಅವಳು ಹತ್ತಿರ ಬಂದು ಕೂತು, "ನಾಳೆ ನನಗೆ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ನಾನೂ ಬರ್ತೀನಿ. ಮೇಡಮ್ಮಿಗೆ ಒಳಗಡೆ ನಾನು ತಿಳಿಸಿ ಹೇಳ್ತೀನಿ, ಅಕ್ಕನ ಯಂತ್ರ ವಾಪಸ್ ಕೊಡಿಸೋಣ. ನೀವು ಸುಮ್ನೆ ಪಕ್ಕದಲ್ಲಿ ನಿಂತಿರಿ. ಹೆಂಗಸರಿಗೆ ಏನೂ ಹೇಳೋದು ಬೇಡ, ನಿಮ್ಮ ಮರ್ಯಾದೆ ನಿಮಗೇ ಇರಲಿ" ಎಂದಳು.

ಶಾಲೆಯಲ್ಲಿ ಕೂತು ಕಲಿತವರು ತಪ್ಪು ಹೇಳಿ, ಬೆಂಚಿನ ಮೇಲೆ ನಿಂತು, ಹತ್ತು ಜನರೆದುರು ನಗೆಪಾಟಲಾಗಿ, ಆ ನಾಚಿಕೆಯ ಕಂತುಗಳನ್ನು ಬಾಲ್ಯದಲ್ಲೇ ತೀರಿಸಿಬಿಟ್ಟಿರುತ್ತಾರೆ. ತಾನೇ ಕಲಿತವನ ತಪ್ಪಿಗೆ ಕೆಂಪು ಗೀಟು ಹಾಕುವವರಿರಲಿಲ್ಲ. ಒಬ್ಬನೇ ಓದಿದ, ಒಬ್ಬನೇ ಮೆಚ್ಚಿಕೊಂಡ. 'ಗೊತ್ತಿಲ್ಲ' ಎನ್ನುವ ಪಾಠವೊಂದು ಅವನ ಪಾಲಿಗೆ ಹಾಗೇ ಉಳಿದು, ಕೂದಲು ನರೆತ ಮೇಲೆ ಒಮ್ಮೆಲೇ ಎದುರಿಗೆ ಬಂದು ನಿಲ್ಲುತ್ತದೆ. ಇಂಥವರಲ್ಲಿ ಹೆಚ್ಚಿನವರು ಅದನ್ನು ಕಂಡು ಮುಖ ತಿರುಗಿಸಿ, ಇನ್ನೊಂದು ದೊಡ್ಡ ಶಬ್ದದ ಮರೆಗೆ ಸರಿದುಬಿಡುತ್ತಾರೆ. ಕೆಲವರಷ್ಟೇ ಆ ಬೆಂಚನ್ನು ಮುದಿಮೊಣಕಾಲಿನಲ್ಲಿ ಹತ್ತುತ್ತಾರೆ, ಮತ್ತು ಹತ್ತುವಾಗ ಯಾರೂ ಕೈಹಿಡಿಯುವುದನ್ನು ಅವರು ಸಹಿಸುವುದಿಲ್ಲ.

"ಬೇಡಮ್ಮ, ನೀನು ಬರಬೇಡ" ಎಂದ ಅವನು. "ಮೊದಲು ಕಾಲರ್ ಅಕ್ಕನಿಗೆ ಹೇಳ್ತೀನಿ, ಅಷ್ಟೂ ಹೆಂಗಸರ ಮುಂದೆ. ಆಮೇಲೆ ಮೇಡಮ್ಮಿಗೆ. ನನಗೆ ಅರ್ಥ ಆಗಿರಲಿಲ್ಲ ಅಂತ ಹೇಳೋದಕ್ಕೆ ನನಗ್ಯಾಕೆ ದುಭಾಷಿ?"