ಪಂಕಜಮ್ಮನ ಉಸಿರೆಣಿಕೆ

"ಎಪ್ಪತ್ತೆಂಟು," ಎಂದು ತಮಗೆ ತಾವೇ ಹೇಳಿಕೊಂಡು ಪಂಕಜಮ್ಮ ಔಷಧದ ಚೀಟಿಯ ಹಿಂಬದಿಯಲ್ಲಿ ಬರೆದರು. ಹತ್ತೂವರೆಗೆ ಎಪ್ಪತ್ತಾರು ಇತ್ತು. ಆಮ್ಲಜನಕದ ಪಾರದರ್ಶಕ ಡಬ್ಬಿಯೊಳಗೆ ತಲೆಯಿಟ್ಟು ಮಲಗಿದ್ದ ಮೊಮ್ಮಗಳ ಎದೆ ಬಿಡುವಿಲ್ಲದೆ ಏರಿಳಿಯುತ್ತಿತ್ತು. ಪ್ರತಿ ಉಸಿರಿಗೂ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿತ್ತು, ಗಂಟಲಿನಿಂದ 'ಹ್ಞುಂ, ಹ್ಞುಂ' ಎಂದು ಸಣ್ಣ ಮುಲುಕು. ದಿನ ತುಂಬಲು ಇನ್ನೂ ಐದು ವಾರ ಇರುವಾಗಲೇ ಸಿಸೇರಿಯನ್ ಮಾಡಿ ತೆಗೆದ ಕೂಸು. ಹುಟ್ಟಿ ಐದು ಗಂಟೆಯಾಗಿತ್ತು.

ಬಾಗಲಗುಂಟೆಯ ಆ ಪುಟ್ಟ ನರ್ಸಿಂಗ್ ಹೋಮಿನ ಡಾಕ್ಟರ್ ವಾದಿರಾಜ ಬೆಳಿಗ್ಗೆಯೇ ಬಿಡಿಸಿ ಹೇಳಿದ್ದರು. "ಐದು ವಿಷಯ ನೋಡ್ತೀವಮ್ಮ. ಉಸಿರಿನ ವೇಗ, ಮೈಬಣ್ಣ, ಪಕ್ಕೆ ಗುಳಿ, ಮುಲುಕು, ಎದೆಯೊಳಗೆ ಗಾಳಿ ಹೋಗೋ ಸದ್ದು. ಒಂದೊಂದಕ್ಕೂ ಮಾರ್ಕ್ಸ್. ಈಗ ನಾಲ್ಕಿದೆ. ಜಾಸ್ತಿ ಆಗೋ ಸೂಚನೆ ಕಂಡ್ರೆ ತಡ ಮಾಡಲ್ಲ, ವೆಂಟಿಲೇಟರ್ ಇರೋ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ."

"ಮುಂದೆ ಏನಾಗುತ್ತೆ ಅಂತ ಮೊದ್ಲೇ ಹೆಂಗೆ ಗೊತ್ತಾಗುತ್ತೆ ಡಾಕ್ಟ್ರೇ?"

"ಮಗುನೇ ಹೇಳುತ್ತೆ. ನಾವು ನೋಡ್ತಾ ಇರ್ಬೇಕು ಅಷ್ಟೆ."

ಅಷ್ಟು ಹೇಳಿ ಅವರು ಇನ್ನೊಂದು ಆಪರೇಷನ್ನಿಗೆ ಹೋದರು. ನರ್ಸ್ ದಿವ್ಯಾ ಒಬ್ಬಳೇ ಇದ್ದಳು, ಹೆರಿಗೆ ಕೋಣೆಯಲ್ಲಿ ನೋವು ತಿನ್ನುವವರು ಇಬ್ಬರು. "ಅಮ್ಮಾ, ನಾನು ಬಂದು ಹೋಗ್ತಾ ಇರ್ತೀನಿ. ಮಧ್ಯೆ ನೀವು ಒಂದು ನಿಮಿಷ ಪೂರ್ತಿ ಎಣಿಸಿ ಬರ್ಕೊಳ್ಳಿ. ಎಂಬತ್ತು ದಾಟಿದ್ರೆ ಕೂಗಿ," ಎಂದಿದ್ದಳು.

ಎಣಿಸುವುದನ್ನು ಪಂಕಜಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಡಿಯಾರದ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ಅವರು ಮಾಡಿದ್ದು ಅದನ್ನೇ. ಹೊಸ ಗಡಿಯಾರಗಳು ಮೊದಮೊದಲು ಹುಚ್ಚುಕುದುರೆಯ ಹಾಗೆ ಓಡುತ್ತವೆ. ಕಿವಿಗೊಟ್ಟು ಕೇಳಿ, ಕೂದಲೆಳೆಯಷ್ಟು ತಿರುಗಿಸಿ, ಓಟ ಇಳಿಸಿ ದಾರಿಗೆ ತರಬೇಕು. ಇಳಿಯಿತೆಂದರೆ ಗಡಿಯಾರ ಸರಿಹೋಯಿತು. ಕಾರ್ಖಾನೆ ಮುಚ್ಚಿದರೂ ಆ ಚಾಳಿ ಬಿಟ್ಟಿರಲಿಲ್ಲ. ಮನೆಯ ಫ್ಯಾನಿನಿಂದ ಹಿಡಿದು ಅಳಿಯ ಚಿನ್ಮಯನ ಮಾತಿನವರೆಗೆ ಎಲ್ಲದಕ್ಕೂ 'ಸ್ವಲ್ಪ ಫಾಸ್ಟು' ಎಂದು ತೀರ್ಪು ಕೊಡುವ ಹೆಂಗಸು.

ಹನ್ನೊಂದೂವರೆಗೆ ಎಪ್ಪತ್ತೆರಡಾಯಿತು. ಪಂಕಜಮ್ಮನಿಗೆ ನಂಬಿಕೆ ಬರಲಿಲ್ಲ, ಮತ್ತೊಮ್ಮೆ ಎಣಿಸಿದರು. ಎಪ್ಪತ್ತೆರಡೇ. ಹನ್ನೆರಡಕ್ಕೆ ಅರವತ್ತನಾಲ್ಕು. ಹನ್ನೆರಡೂವರೆಗೆ ಐವತ್ತಾರು. ಮುಲುಕು ಕೂಡ ನಿಂತುಹೋಯಿತು. ರಕ್ತದ ಆಮ್ಲಜನಕ ಅಳೆಯಲು ಮಗುವಿನ ಕಾಲಿಗೆ ಕಟ್ಟಿದ್ದ ಮೆಷಿನ್ನು ತೊಂಬತ್ತರ ಮೇಲೇ ತೋರಿಸುತ್ತಿತ್ತು. ಪಕ್ಕೆಯ ಗುಳಿ ಮಾತ್ರ ಹಾಗೆಯೇ ಇತ್ತು. ಅದನ್ನು ಅವರು ನೋಡಿದರು, ನೋಡಿಯೂ ನಿಧಾನಕ್ಕೆ ಹೋಗುತ್ತದೆ ಎಂದುಕೊಂಡರು.

ದಿವ್ಯಾ ಬಾಗಿಲಲ್ಲಿ ತಲೆ ಹಾಕಿದಳು. "ಎಷ್ಟಿದೆ ಅಮ್ಮಾ?"

"ಐವತ್ತಾರು ಕಣಮ್ಮಾ! ನರಳಾಟನೂ ನಿಂತಿದೆ. ಪಾಪ, ಈಗ ನಿದ್ದೆ ಹತ್ತಿದೆ."

"ಅಬ್ಬ, ಒಳ್ಳೇದಾಯ್ತು," ಎಂದವಳು ಹೆರಿಗೆ ಕೋಣೆಯಿಂದ ಕೂಗು ಬಂದದ್ದೇ ಓಡಿದಳು.

ಪಂಕಜಮ್ಮನಿಗೆ ಹಾಲು ಕುಡಿದಷ್ಟು ಸಂತೋಷ. ಪಕ್ಕದ ಕೋಣೆಗೆ ಹೋಗಿ, ಹೊಲಿಗೆಯ ನೋವಿನಲ್ಲಿ ಮಲಗಿದ್ದ ಮಗಳು ಸುಕೃತಿಯ ಹಣೆ ಸವರಿ, "ದಾರಿಗೆ ಬರ್ತಾ ಇದಾಳೆ ಕಣೇ ನಿನ್ ಮಗಳು," ಎಂದರು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ತಾಯಿಯಾದವಳು ಅದನ್ನು ಕೇಳಿ ಮೊದಲ ಸಲ ನಕ್ಕಳು.

ಒಂದು ಗಂಟೆಗೆ ನಲವತ್ತು. ಅದಾದ ಮೇಲೆ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಸಂದು ಬರತೊಡಗಿತು. ಆ ಸಂದಿನಲ್ಲಿ ಪಂಕಜಮ್ಮ ಪೆನ್ನು ಹಿಡಿದು ಕಾದರು. ಕೂಗಬೇಕು ಎಂದುಕೊಳ್ಳುವಷ್ಟರಲ್ಲಿ ವಾದಿರಾಜ ಒಳಗೆ ಬಂದರು, ಚೀಟಿಯನ್ನು ಮೇಲಿನಿಂದ ಕೆಳಗೆ ಒಂದೇ ಸಲ ಓದಿದರು.

"ಯಾವಾಗಿಂದ ಇಳೀತಾ ಇದೆ?"

"ಹನ್ನೊಂದೂವರೆಯಿಂದ ಡಾಕ್ಟ್ರೇ."

ಅವರು ಮಗುವಿನತ್ತ ಬಾಗಿದರು. ಡಬ್ಬಿಯನ್ನು ಎತ್ತಿ ಪಕ್ಕಕ್ಕಿಟ್ಟು, ಅಂಗೈಯಷ್ಟಿದ್ದ ಆ ಎದೆಯ ಮೇಲೆ ಸ್ಟೆಥೋಸ್ಕೋಪ್ ಇಟ್ಟು, "ದಿವ್ಯಾ! ಆಂಬುಲೆನ್ಸ್ ಹೇಳು!" ಎಂದು ಕಟ್ಟಡವೆಲ್ಲ ಕೇಳುವ ಹಾಗೆ ಕಿರುಚಿದರು.

ಮಗುವಿನ ಮುಖಕ್ಕೆ ಹಿಡಿದ ರಬ್ಬರ್ ಚೀಲ ಒತ್ತಿ ಉಸಿರು ತುಂಬುತ್ತಲೇ ವಾದಿರಾಜ ಮೆಟ್ಟಿಲಿಳಿಯುವಾಗ ಪಂಕಜಮ್ಮ ಹಿಂದೆಯೇ ಓಡಿದರು. "ಏನಾಯ್ತು ಡಾಕ್ಟ್ರೇ? ಸರಿಹೋಗ್ತಾ ಇತ್ತಲ್ಲ?"

"ಸುಸ್ತಾಗಿದೆ ಅಮ್ಮಾ. ಬೆಳಿಗ್ಗೆಯಿಂದ ಓಡಿ ಓಡಿ ಇನ್ನು ಕೈಲಾಗಲ್ಲ ಅಂತ ಬಿಟ್ಕೊಡ್ತಾ ಇದೆ. ಅದಕ್ಕೇ ಇಳಿದಿದ್ದು." ಹೇಳಿದ ಮೇಲೆ ಹೇಳಬಾರದಿತ್ತು ಎನ್ನಿಸಿರಬೇಕು. "ನಿಮಗೇನು ಗೊತ್ತು, ಬಿಡಿ. ನಾನೇ ಇರ್ಬೇಕಿತ್ತು," ಎಂದರು.

ದೊಡ್ಡಾಸ್ಪತ್ರೆಯವರು ಮರುದಿನ ಮಧ್ಯಾಹ್ನದವರೆಗೆ ಪ್ರಯತ್ನಪಟ್ಟರು. ಮಗು ಉಳಿಯಲಿಲ್ಲ. ಎರಡು ಗಂಟೆ ಮೊದಲೇ ಕರೆತಂದಿದ್ದರೆ ಎಂದು ಅಲ್ಲಿನ ಡಾಕ್ಟರು ಶುರುಮಾಡಿದ ಮಾತನ್ನು ಚಿನ್ಮಯನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಸುಕೃತಿಯನ್ನು ಮನೆಗೆ ಕರೆತಂದ ಮೇಲೆ ಎದುರುಮನೆಯ ಭದ್ರಮ್ಮ ಮಾತಾಡಿಸಲು ಬಂದರು. "ಇಂಗಾಗಬಾರದಿತ್ತು ಕಣವ್ವಾ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ನಮ್ಮಮ್ಮನ ಹಾಗೆ ಯಾರು ನೋಡ್ಕೋತಾರೆ ಹೇಳಿ ಆಂಟಿ," ಎಂದಳು ಸುಕೃತಿ. "ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದ್ರು. ಒಂದೊಂದು ಉಸಿರೂ ಎಣಿಸಿದಾರೆ. ಅಷ್ಟು ಕಾದ್ರೂ ಹೋಯ್ತು ಅಂದ್ರೆ ನಮ್ ಹಣೆಬರಹ."

ಪಂಕಜಮ್ಮ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ನಲ್ಲಿಯನ್ನು ಜೋರಾಗಿ ಬಿಟ್ಟು, ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆದರು. ಇಷ್ಟು ವಯಸ್ಸಾದ ಮೇಲೆ ಮಗಳ ಬಾಯಲ್ಲಿ ಹೊಗಳಿಸಿಕೊಂಡು ಅದನ್ನು ತಡೆಯಲಾಗದೆ ನಿಲ್ಲಬೇಕಾದ ಕಷ್ಟ ಶತ್ರುವಿಗೂ ಬೇಡ. ಹೇಳಿಬಿಡಬೇಕು ಎಂದುಕೊಂಡು ಕೈ ಒರೆಸಿಕೊಂಡು ಹೊರಗೆ ಬಂದರೆ, ಭದ್ರಮ್ಮ ಹೋಗಿದ್ದರು. ಸುಕೃತಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎಷ್ಟೋ ದಿನದ ಮೇಲೆ ಹತ್ತಿದ ನಿದ್ದೆ.

ಪಂಕಜಮ್ಮ ಪಕ್ಕದಲ್ಲಿ ಕೂತರು. ಬೇಡವೆಂದರೂ ಕಣ್ಣು ಮಗಳ ಬೆನ್ನಿನ ಮೇಲೆಯೇ ನಿಂತಿತು. ಹದಿನಾರು. ಇನ್ನೊಂದು ಸಲ ಎಣಿಸಿದರು, ಹದಿನಾಲ್ಕು. ಕೈ ತಾನಾಗಿ ಹೋಗಿ ಭುಜ ಅಲುಗಿಸಿತು.

"ಏನಮ್ಮಾ?" ಎಂದು ಸುಕೃತಿ ಗಾಬರಿಯಿಂದ ಕಣ್ಣುಬಿಟ್ಟಳು.

"ಏನಿಲ್ಲ ಮಗಳೇ. ಮಲ್ಕೋ."

ಅವಳು ಮತ್ತೆ ಕಣ್ಣು ಮುಚ್ಚಿದಳು. ಪಂಕಜಮ್ಮ ಕೈಯನ್ನು ಅವಳ ಭುಜದ ಮೇಲಿನಿಂದ ತೆಗೆಯಲಿಲ್ಲ.